ಕುದುರೆಮರಿ ಕುಡಿಯುವ ಹಾಲು

ಹಳ್ಳಿಯ ಡೇರಿಗೆ ಹಾಲು ಹಾಕುವವರಿಗೆಲ್ಲ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ. ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಬಂತು ಅನ್ನುವುದರ ಮೇಲೆ ಹಾಲಿನ ಬೆಲೆ ನಿಂತಿದೆ. ಮಿಶ್ರತಳಿ ಹಸುವಿನ ಹಾಲಿಗೆ ಫ್ಯಾಟ್ ಶೇಕಡಾ ಮೂರೂವರೆ, ನಾಲ್ಕು ಬಂದರೆ ಸಮಾಧಾನ. ಎಮ್ಮೆ ಹಾಲಾದರೆ ಏಳು ಬಂದರೂ ಆಶ್ಚರ್ಯವಿಲ್ಲ. ಅದೇ ಯಂತ್ರಕ್ಕೆ ಕುದುರೆಯ ಹಾಲು ಹಾಕಿದರೆ ಫ್ಯಾಟ್ ಒಂದು, ಹೆಚ್ಚೆಂದರೆ ಎರಡು ತೋರಿಸೀತು. ನೀರು ಬೆರೆಸಿದ ಹಾಲೆಂದು ಕ್ಯಾನನ್ನೇ ವಾಪಸು ಕಳಿಸಿಯಾರು. ಆದರೆ ಆ ತೆಳು ಹಾಲನ್ನೇ ನಂಬಿಕೊಂಡು ರೇಸಿನ ತಳಿಯಾದ ಥರೋಬ್ರೆಡ್ ಕುದುರೆಯ ಮರಿ ಮೊದಲ ತಿಂಗಳಲ್ಲಿ ದಿನವೊಂದಕ್ಕೆ ಒಂದು ಕಿಲೋಗಿಂತ ಹೆಚ್ಚು ತೂಕ ಏರಿಸಿಕೊಳ್ಳುತ್ತದೆ. ಹುಟ್ಟಿದಾಗ 50 ಕಿಲೋ ಇದ್ದ ಮರಿ ಸುಮಾರು ಒಂದೂವರೆ ತಿಂಗಳಲ್ಲಿ ಇಮ್ಮಡಿಯಾಗುತ್ತದೆ. ಆರು ತಿಂಗಳಿಗೆ ತಾಯಿಯ ತೂಕದ ಅರ್ಧದ ಹತ್ತಿರಕ್ಕೆ ಬಂದು ನಿಲ್ಲುತ್ತದೆ.

ಹಾಗಾದರೆ ಆ ಹಾಲಿನಲ್ಲಿ ಏನಿದೆ, ಎಷ್ಟು ಬರುತ್ತದೆ, ಅದು ಚೆನ್ನಾಗಿ ಬರಬೇಕಾದರೆ ತಾಯಿಗೆ ಏನು ಬೇಕು? ಹಸು ಎಮ್ಮೆ ಸಾಕಿ ಪಳಗಿದ ನಾಡಿನಲ್ಲಿ ಕುದುರೆಯ ಹಾಲನ್ನೂ ಅದೇ ಕಣ್ಣಿನಿಂದ ನೋಡುವ ರೂಢಿಯಿದೆ. ಅನೇಕ ಮರಿಗಳು ಸೊರಗುವುದು ಆ ರೂಢಿಯಿಂದಲೇ.

ಕುದುರೆ ಸಾಕಣೆ ಕನ್ನಡನಾಡಿಗೆ ಹೊಸದೇನಲ್ಲ. ತುಮಕೂರು ಜಿಲ್ಲೆಯ ಕುಣಿಗಲ್‌ನಲ್ಲಿ ಟಿಪ್ಪು ಸುಲ್ತಾನನ ಅಶ್ವದಳಕ್ಕೆಂದು ಆರಂಭವಾದ ಕುದುರೆ ಫಾರಂ ಮುಂದೆ ರೇಸ್ ಕುದುರೆಗಳ ತವರಾಗಿ ಹೆಸರಾಯಿತು. ಭಾರತದ ಥರೋಬ್ರೆಡ್ ಫಾರಂಗಳಲ್ಲಿ ಮರಿ ಹಾಕಿಸುವ ಕಾಲ ಹೊಸ ವರ್ಷದೊಂದಿಗೆ ಶುರುವಾಗಿ ಬೇಸಿಗೆಯವರೆಗೆ ಸಾಗುತ್ತದೆ. ರೇಸಿನ ಲೆಕ್ಕದಲ್ಲಿ ಎಲ್ಲ ಕುದುರೆಗೂ ಜನವರಿ 1ರಂದೇ ಒಂದು ವರ್ಷ ಕೂಡುವುದರಿಂದ, ವರ್ಷದ ಆರಂಭದಲ್ಲಿ ಹುಟ್ಟಿದ ಮರಿಗೆ ಬೆಳೆಯಲು ಹೆಚ್ಚು ಕಾಲ ಸಿಗುತ್ತದೆ. ಆ ದಿನಗಳಲ್ಲಿ ಲಾಯದವರಿಗೆ ರಾತ್ರಿ ನಿದ್ದೆಯೆಂಬುದಿಲ್ಲ. ಕುದುರೆ ಮರಿ ಹಾಕುವುದು ಹೆಚ್ಚಾಗಿ ನಡುರಾತ್ರಿಯ ಆಜುಬಾಜಿನಲ್ಲೇ.

ಹಸುವಿಗೆ ನಾಲ್ಕು ಮೊಲೆ, ಕುದುರೆಗೆ ಎರಡೇ. ಆದರೆ ಒಂದೊಂದು ತೊಟ್ಟಿನ ತುದಿಯನ್ನು ಹತ್ತಿರದಿಂದ ನೋಡಿದರೆ ಸಾಮಾನ್ಯವಾಗಿ ಎರಡು ಸಣ್ಣ ರಂಧ್ರ ಕಾಣುತ್ತವೆ. ಒಳಗೆ ಒಂದಕ್ಕೊಂದು ಸೇರದ ಎರಡು ಹಾಲಿನ ಭಾಗಗಳಿದ್ದು, ಒಂದೊಂದಕ್ಕೂ ಒಂದೊಂದು ಬಾಯಿ. ಹಿಂಗಾಲುಗಳ ನಡುವೆ ಅಡಗಿದ ಈ ಕೆಚ್ಚಲು ನೋಟಕ್ಕೆ ಸಣ್ಣದು, ಹಿಡಿಸುವುದೂ ಕಡಿಮೆ. ಒಂದು ಹೊತ್ತಿಗೆ ಸುಮಾರು ಎರಡು ಲೀಟರ್. ಇದನ್ನು ನೋಡಿ ಕುದುರೆಗೆ ಹಾಲು ಕಡಿಮೆ ಎಂದುಕೊಳ್ಳುವವರಿದ್ದಾರೆ. ನಿಜ ಬೇರೆಯೇ ಇದೆ. ಮರಿ ಹಾಕಿದ ಮೊದಲ ಮೂರು ತಿಂಗಳು ತಾಯಿ ತನ್ನ ತೂಕದ ಶೇಕಡಾ 3ರಷ್ಟು, ಆಮೇಲೆ ಶೇಕಡಾ 2ರಷ್ಟು ಹಾಲನ್ನು ದಿನವೂ ಕೊಡುತ್ತದೆ. 500 ಕಿಲೋ ತೂಗುವ ಕುದುರೆಯಾದರೆ ಇದು 10ರಿಂದ 15 ಕಿಲೋ. ಹಾಲಿನ ಏರುಗಾಲ ಎರಡನೆಯ ತಿಂಗಳ ಸುತ್ತಮುತ್ತ ಬಂದು ನಂತರ ನಿಧಾನವಾಗಿ ಇಳಿಯುತ್ತದೆ.

ಸಣ್ಣ ಕೆಚ್ಚಲಿನಿಂದ ಇಷ್ಟು ಹಾಲು ಬರುವುದು ಮರಿ ಮತ್ತೆ ಮತ್ತೆ ಕುಡಿಯುವುದರಿಂದ. ಮೊದಲ ವಾರ ಮರಿ ಗಂಟೆಗೆ ನಾಲ್ಕಾರು ಸಲ ಮೊಲೆಗೆ ಬಾಯಿ ಹಾಕುತ್ತದೆ. ಒಂದು ಸಲಕ್ಕೆ ಒಂದೆರಡು ನಿಮಿಷ, ಒಂದೆರಡು ಗುಟುಕು, ಆಮೇಲೆ ಒಂದು ಸುತ್ತು ಓಟ, ಒಂದು ನಿದ್ದೆ, ಮತ್ತೆ ಮೊಲೆ. ಬಯಲಿನಲ್ಲಿ ಮೇಯುತ್ತ, ಅಪಾಯ ಕಂಡರೆ ಓಡಿ ಬದುಕಿದ ಪ್ರಾಣಿಗೆ ಈ ವ್ಯವಸ್ಥೆಯೇ ಸರಿ. ದೊಡ್ಡ ಕೆಚ್ಚಲು ಹೊತ್ತ ತಾಯಿ ಓಡಲಾರದು. ಹೊಟ್ಟೆ ತುಂಬ ದಪ್ಪ ಹಾಲು ಕುಡಿದು ಮಲಗಿದ ಮರಿಯೂ ಓಡಲಾರದು. ಕರುವನ್ನು ಪೊದೆಯ ಮರೆಯಲ್ಲಿ ಬಿಟ್ಟು ಮೇಯಲು ಹೋಗುವುದು ದನದ ರೀತಿ. ಕುದುರೆಮರಿ ತಾಯಿಯ ಮಗ್ಗುಲು ಬಿಡುವುದಿಲ್ಲ.

ಕರೆಯದ ಪ್ರಾಣಿಯ ಹಾಲನ್ನು ಅಳೆಯುವುದು ಹೇಗೆಂಬ ಪ್ರಶ್ನೆ ವಿಜ್ಞಾನಿಗಳನ್ನು ಬಹಳ ಕಾಲ ಕಾಡಿತು. ಮರಿ ಹತ್ತಿರ ಇಲ್ಲದಿದ್ದರೆ ಕುದುರೆ ಸುಲಭಕ್ಕೆ ತೊರೆ ಬಿಡುವುದಿಲ್ಲ. ಮರಿಯ ಮೂತಿ ಕೆಚ್ಚಲಿಗೆ ಗುದ್ದಬೇಕು, ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡಬೇಕು, ಆಗಲೇ ಹಾಲು ಇಳಿಯುವುದು. ಅದಕ್ಕೆ ಹುಡುಕಿದ ಒಂದು ದಾರಿ ಸರಳ. ಮರಿಯನ್ನು ಸ್ವಲ್ಪ ಹೊತ್ತು ಮೊಲೆಯಿಂದ ದೂರವಿಟ್ಟು ತೂಗುವುದು, ಕುಡಿಸುವುದು, ಮತ್ತೆ ತೂಗುವುದು. ಹೆಚ್ಚಾದ ತೂಕವೇ ಕುಡಿದ ಹಾಲು. ಇನ್ನೊಂದು ದಾರಿ ಭಾರಜಲದ್ದು. ಡ್ಯುಟೀರಿಯಂ ಇರುವ ನೀರನ್ನು ಗೊತ್ತಾದ ಅಳತೆಯಲ್ಲಿ ಮರಿಗೆ ಕೊಟ್ಟು, ಮರಿ ಹಾಲು ಕುಡಿಯುತ್ತ ಹೋದಂತೆ ಅದು ಮೈಯಲ್ಲಿ ಎಷ್ಟು ಬೇಗ ತೆಳುವಾಗುತ್ತದೆ ಎಂದು ರಕ್ತ ಪರೀಕ್ಷೆಯಿಂದ ನೋಡುತ್ತಾರೆ. ಈ ವಿಧಾನದಲ್ಲಿ ತಾಯಿ ಮರಿಗಳನ್ನು ಅಗಲಿಸಬೇಕಾಗಿಲ್ಲ.

ಇನ್ನು ಹಾಲಿನ ಒಳಗೆ ಏನಿದೆ ಎಂಬುದು. ಕುದುರೆಯ ಹಾಲಿನ ಶೇಕಡಾ 90ರಷ್ಟು ನೀರು. ಕೊಬ್ಬು ಶೇಕಡಾ 1ರಿಂದ 2. ಪ್ರೋಟೀನ್ ಮೊದಲ ವಾರದಲ್ಲಿ ಶೇಕಡಾ 3ರ ಹತ್ತಿರವಿದ್ದು ಎರಡು ತಿಂಗಳ ಹೊತ್ತಿಗೆ ಶೇಕಡಾ 2ಕ್ಕೆ ಇಳಿಯುತ್ತದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮಾತ್ರ ಧಾರಾಳ: ಶೇಕಡಾ 6ರಿಂದ 7. ಹಸುವಿನ ಹಾಲಿನಲ್ಲಿ ಅದು ಐದಕ್ಕಿಂತ ಕಡಿಮೆ. ಹೀಗಾಗಿ ಕುದುರೆಯ ಹಾಲು ಬಾಯಿಗೆ ಸಿಹಿ, ನಾಲಗೆಗೆ ತೆಳು, ಕಣ್ಣಿಗೆ ಸ್ವಲ್ಪ ನೀಲಿ ಛಾಯೆಯ ಬಿಳುಪು. ಒಂದು ಕಿಲೋ ಹಾಲಿನಿಂದ ಮರಿಗೆ ಸಿಗುವ ಶಕ್ತಿ ಸುಮಾರು 500 ಕಿಲೋಕ್ಯಾಲೊರಿ. ಹಸುವಿನ ಹಾಲಿನಲ್ಲಿ 650ಕ್ಕಿಂತ ಹೆಚ್ಚು. ಆ ಕೊರತೆಯನ್ನು ಮರಿ ಹೆಚ್ಚು ಕುಡಿದು ತುಂಬಿಕೊಳ್ಳುತ್ತದೆ. ದಿನಕ್ಕೆ ತನ್ನ ತೂಕದ ಐದನೆಯ ಒಂದು ಪಾಲು, ಕಾಲು ಪಾಲಿನವರೆಗೂ ಹಾಲು ಕುಡಿಯುವ ಮರಿಗಳಿವೆ.

ಪ್ರೋಟೀನಿನ ಸ್ವರೂಪದಲ್ಲೂ ದೊಡ್ಡ ವ್ಯತ್ಯಾಸವಿದೆ. ಹಸುವಿನ ಹಾಲಿನ ಪ್ರೋಟೀನಿನಲ್ಲಿ ನೂರಕ್ಕೆ 80 ಭಾಗ ಕೇಸಿನ್, ಅಂದರೆ ಹೆಪ್ಪುಗಟ್ಟುವ ಭಾಗ. ಕುದುರೆಯ ಹಾಲಿನಲ್ಲಿ ಕೇಸಿನ್ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಉಳಿದದ್ದು ತಿಳಿಯಲ್ಲಿ ಉಳಿಯುವ ವ್ಹೇ ಪ್ರೋಟೀನ್. ಆದ್ದರಿಂದ ಅದಕ್ಕೆ ಹೆಪ್ಪು ಹಾಕಿದರೂ ಗಟ್ಟಿ ಮೊಸರಾಗುವುದಿಲ್ಲ. ಮೃದುವಾದ ಸಣ್ಣ ಚೂರುಗಳಾಗಿ ನಿಲ್ಲುತ್ತದೆ. ಮರಿಯ ಹೊಟ್ಟೆಯಲ್ಲೂ ಹಾಗೆಯೇ. ಸಣ್ಣ ಜಠರದಿಂದ ಹಾಲು ಬೇಗ ಮುಂದೆ ಸಾಗಿ ಮುಂದಿನ ಗುಟುಕಿಗೆ ಜಾಗವಾಗುತ್ತದೆ. ಸೂಕ್ಷ್ಮಜೀವಿಗಳನ್ನು ಕೊಲ್ಲುವ ಲೈಸೊಜೈಮ್ ಎಂಬ ಕಿಣ್ವ ಹಸುವಿನ ಹಾಲಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಕುದುರೆಯ ಹಾಲಿನಲ್ಲಿ ಧಾರಾಳ. ಹಸಿರು ಮೇಯುವ ಕುದುರೆಯ ಹಾಲಿನ ಕೊಬ್ಬಿನಲ್ಲಿ ಹುಲ್ಲಿನಿಂದಲೇ ಬಂದ ಒಮೆಗಾ-3 ಕೊಬ್ಬಿನಾಮ್ಲವೂ ಚೆನ್ನಾಗಿರುತ್ತದೆ. ದನದ ಮೆಲುಕುಚೀಲದಲ್ಲಿ ಈ ಆಮ್ಲದ ಬಹುಪಾಲು ರೂಪ ಬದಲಿಸಿಬಿಡುತ್ತದೆ. ಕುದುರೆಗೆ ಮೆಲುಕುಚೀಲವಿಲ್ಲವಾದ್ದರಿಂದ ಅದು ಹಾಗೆಯೇ ಹಾಲಿಗೆ ಇಳಿಯುತ್ತದೆ.

ಮೊಸರು ಬೆಣ್ಣೆಗಳಿಗೆ ಒಗ್ಗದ ಈ ಹಾಲನ್ನು ಮಧ್ಯ ಏಷ್ಯಾದ ಹುಲ್ಲುಗಾವಲಿನ ಜನ ಹುದುಗು ಬರಿಸಿ ಕುಡಿಯುವುದನ್ನು ಕಲಿತರು. ಮಂಗೋಲಿಯದಲ್ಲಿ ಅದರ ಹೆಸರು ಐರಾಗ್, ಕಜಾಕ್ ಜನರಲ್ಲಿ ಕಿಮಿಜ್. ಬೇಸಿಗೆಯ ತಿಂಗಳುಗಳಲ್ಲಿ ನೆಲಕ್ಕೆ ಬಿಗಿದ ಉದ್ದನೆಯ ಹಗ್ಗಕ್ಕೆ ಮರಿಗಳನ್ನು ಸಾಲಾಗಿ ಕಟ್ಟುತ್ತಾರೆ. ತಾಯಿಕುದುರೆಗಳು ಅಲ್ಲೇ ಸುತ್ತಮುತ್ತ ಮೇಯುತ್ತಿರುತ್ತವೆ. ಸುಮಾರು ಎರಡು ಗಂಟೆಗೊಮ್ಮೆ ಒಂದೊಂದು ಮರಿಯನ್ನು ಬಿಚ್ಚಿ ಮೊಲೆಗೆ ಬಿಡುತ್ತಾರೆ. ತಾಯಿ ತೊರೆ ಬಿಟ್ಟ ಕೂಡಲೇ ಒಬ್ಬರು ಮರಿಯನ್ನು ತಾಯಿಯ ಮೈಗೆ ತಾಗುವಂತೆ ಹಿಡಿದು ನಿಲ್ಲುತ್ತಾರೆ. ಕರೆಯುವವರು ಒಂದು ಮೊಣಕಾಲೂರಿ, ಇನ್ನೊಂದು ತೊಡೆಯ ಮೇಲೆ ಪಾತ್ರೆ ಇಟ್ಟುಕೊಂಡು, ಒಂದು ಕೈಯನ್ನು ಕುದುರೆಯ ಹಿಂಗಾಲಿನ ಹಿಂದಿನಿಂದ ತಂದು ಬೇಗಬೇಗ ಕರೆದು ಮುಗಿಸುತ್ತಾರೆ. ಸಿಕ್ಕಿದ ಹಾಲನ್ನು ದನದ ಚರ್ಮದ ದೊಡ್ಡ ಚೀಲಕ್ಕೆ ಸುರಿದು, ಮರದ ಕಡೆಗೋಲಿನಿಂದ ಸಾವಿರಾರು ಸಲ ಕಡೆಯುತ್ತಾರೆ. ಗೂಡಾರದ ಬಾಗಿಲ ಬಳಿ ತೂಗುಹಾಕಿದ ಚೀಲಕ್ಕೆ ಒಳಗೆ ಬಂದವರೂ ಹೊರಗೆ ಹೊರಟವರೂ ಒಂದಷ್ಟು ಸಲ ಕಡೆಗೋಲು ಆಡಿಸಿ ಹೋಗುವುದು ಅಲ್ಲಿಯ ಮರ್ಯಾದೆ. ಲ್ಯಾಕ್ಟೋಸ್ ಹುಳಿಯಾಗಿ, ಒಂದಿಷ್ಟು ಮದ್ಯವೂ ಆಗಿ, ಶೇಕಡಾ ಎರಡರಷ್ಟು ಮದ್ಯಾಂಶದ ನೊರೆಯುಕ್ಕುವ ಪಾನೀಯ ಸಿದ್ಧವಾಗುತ್ತದೆ. 2019ರಲ್ಲಿ ಯುನೆಸ್ಕೊ ಈ ಕಲೆಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಪದ್ಧತಿಯ ಜಾಣತನ ಗಮನಿಸಬೇಕಾದ್ದು. ಹಗಲು ಹಾಲು ಜನರಿಗೆ. ಸಂಜೆ ಮರಿಗಳನ್ನು ಬಿಚ್ಚಿದ ಮೇಲೆ ರಾತ್ರಿಯೆಲ್ಲ ಮರಿಗೆ. ಸಣ್ಣ ಕೆಚ್ಚಲು ಬೇಗ ತುಂಬುತ್ತದೆ, ಬೇಗ ಖಾಲಿ ಮಾಡದಿದ್ದರೆ ಹಾಲು ಇಳಿಮುಖವಾಗುತ್ತದೆ ಎಂಬ ಶರೀರಶಾಸ್ತ್ರದ ಪಾಠವನ್ನು ಆ ಜನ ಪ್ರಯೋಗಾಲಯವಿಲ್ಲದೆ ಕಂಡುಕೊಂಡಿದ್ದರು. 1253ರಲ್ಲಿ ಮಂಗೋಲರ ನಾಡಿಗೆ ಹೊರಟ ವಿಲಿಯಂ ರುಬ್ರುಕ್ ಎಂಬ ಕ್ರೈಸ್ತ ಸನ್ಯಾಸಿ ಹಗ್ಗಕ್ಕೆ ಕಟ್ಟಿದ ಮರಿಗಳ ಸಾಲನ್ನೂ ಹಾಲು ಕಡೆಯುವ ಚರ್ಮದ ಚೀಲವನ್ನೂ ವಿವರವಾಗಿ ಬರೆದಿಟ್ಟಿದ್ದಾನೆ. ನಮ್ಮ ಚರಕ ಸಂಹಿತೆಯೂ ಎಂಟು ಬಗೆಯ ಹಾಲುಗಳನ್ನು ಎಣಿಸುವಾಗ ಕುದುರೆಯಂಥ ಒಂಟಿ ಗೊರಸಿನ ಪ್ರಾಣಿಗಳ ಹಾಲನ್ನು ಬಿಟ್ಟಿಲ್ಲ.

ಮರಿಯ ಬಾಳಿನಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಹಾಲು ಮೊದಲ ದಿನದ ಗಿಣ್ಣು. ಇಲ್ಲಿ ಸ್ವಲ್ಪ ನಿಲ್ಲಬೇಕು.

ಮನುಷ್ಯರ ಮಗು ಗರ್ಭದಲ್ಲಿರುವಾಗಲೇ ತಾಯಿಯಿಂದ ರೋಗನಿರೋಧಕ ಪ್ರತಿಕಾಯಗಳನ್ನು ಪಡೆಯುತ್ತದೆ. ಕುದುರೆಯ ಮಾಸು ಪದರಪದರವಾಗಿದ್ದು, ಆ ದೊಡ್ಡ ಅಣುಗಳು ದಾಟದಷ್ಟು ದಪ್ಪ. ಹಾಗಾಗಿ ಹನ್ನೊಂದು ತಿಂಗಳು ಗರ್ಭದಲ್ಲಿದ್ದು ಹೊರಬಂದ ಮರಿಗೆ ಯಾವ ರೋಗವನ್ನೂ ಎದುರಿಸುವ ಪ್ರತಿಕಾಯ ಇಲ್ಲವೇ ಇಲ್ಲವೆನ್ನಬಹುದು. ಅದೆಲ್ಲ ಗಿಣ್ಣುಹಾಲಿನಲ್ಲಿ ಕಾದಿರುತ್ತದೆ. ಹೊಸದಾಗಿ ಹುಟ್ಟಿದ ಮರಿಯ ಸಣ್ಣಕರುಳು ಪ್ರತಿಕಾಯಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಆ ಬಾಗಿಲು ಹೆಚ್ಚು ಹೊತ್ತು ತೆರೆದಿರುವುದಿಲ್ಲ. ಹನ್ನೆರಡು ಗಂಟೆಯಾಗುತ್ತಲೇ ಬಹುಮಟ್ಟಿಗೆ ಮುಚ್ಚಿ, ಒಂದು ದಿನ ಕಳೆಯುವಷ್ಟರಲ್ಲಿ ಪೂರ್ತಿ ಮುಚ್ಚಿಕೊಳ್ಳುತ್ತದೆ. ಇತ್ತ ಕೆಚ್ಚಲಿನಲ್ಲೂ ಅದೇ ಅವಸರ: ಮರಿ ಹಾಕಿದ ಕ್ಷಣದಲ್ಲಿ ಶೇಕಡಾ 15ನ್ನು ಮೀರಿದ್ದ ಪ್ರೋಟೀನ್ ಅರ್ಧ ದಿನದೊಳಗೆ ನಾಲ್ಕೈದಕ್ಕೆ ಕುಸಿಯುತ್ತದೆ. ಮರುದಿನ ಪಶುವೈದ್ಯರು ಬಂದು ನೋಡಿ ಹೇಳಲಿ ಎಂದು ಕಾಯುವವರು ಆ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ.

ಅದಕ್ಕೇ ಕುದುರೆ ಸಾಕುವವರ ಬಾಯಲ್ಲಿ ಒಂದು-ಎರಡು-ಮೂರು ಎಂಬ ನಿಯಮ ಓಡಾಡುತ್ತದೆ. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಮೊಲೆ ಹಿಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಕಸ, ಅಂದರೆ ಮಾಸು, ಬೀಳಬೇಕು. ಗಿಣ್ಣು ಒಳ್ಳೆಯದಿದೆಯೇ ಎಂದು ನೋಡಲು ಕಬ್ಬಿನ ರಸ, ದ್ರಾಕ್ಷಿಯ ಸಿಹಿ ಅಳೆಯುವ ಬ್ರಿಕ್ಸ್ ಮಾಪಕವೇ ಸಾಕು. ಗಾಜಿನ ಮೇಲೆ ಒಂದು ಹನಿ ಬಿಟ್ಟು ಬೆಳಕಿಗೆ ಹಿಡಿದಾಗ ಗೆರೆ 23ರ ಮೇಲೆ ನಿಂತರೆ ಪ್ರತಿಕಾಯ ಚೆನ್ನಾಗಿದೆ ಎಂದು ಅರ್ಥ. ಮರಿ ಮೊದಲ ಗಂಟೆಗಳಲ್ಲಿ ಇಂಥ ಗಿಣ್ಣನ್ನು ಒಂದರಿಂದ ಎರಡು ಲೀಟರ್ ಕುಡಿದಿರಬೇಕು. ಹದಿನೆಂಟರಿಂದ ಇಪ್ಪತ್ನಾಲ್ಕು ಗಂಟೆಯ ಹೊತ್ತಿಗೆ ಮರಿಯ ರಕ್ತ ಪರೀಕ್ಷಿಸಿದರೆ ಐಜಿಜಿ ಎಂಬ ಪ್ರತಿಕಾಯ ಡೆಸಿಲೀಟರಿಗೆ 800 ಮಿಲಿಗ್ರಾಂ ದಾಟಿರಬೇಕು. ಕಡಿಮೆಯಿದ್ದರೆ ಬೇರೆ ಕುದುರೆಯ ರಕ್ತದ ಪ್ಲಾಸ್ಮಾವನ್ನು ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ. ದೊಡ್ಡ ಫಾರಂಗಳು ಒಳ್ಳೆಯ ಗಿಣ್ಣಿರುವ ತಾಯಿಯಿಂದ, ಅದರ ಮರಿ ಕುಡಿದ ಮೇಲೆ, ಕಾಲು ಲೀಟರಿನಷ್ಟು ಕರೆದು ಫ್ರೀಜರಿನಲ್ಲಿ ಇಡುತ್ತವೆ. ಇನ್ನಾವುದೋ ರಾತ್ರಿ ಇನ್ನಾವುದೋ ಮರಿಗೆ ಅದು ಬೇಕಾಗುತ್ತದೆ.

ಅಪರೂಪಕ್ಕೆ ಗಿಣ್ಣೇ ವಿಷವಾಗುವುದೂ ಉಂಟು. ತಂದೆಯಿಂದ ಬಂದ ರಕ್ತದ ಗುಂಪಿನ ವಿರುದ್ಧ ತಾಯಿಯ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿದ್ದರೆ, ಗಿಣ್ಣಿನೊಂದಿಗೆ ಅವು ಮರಿಯ ರಕ್ತಕ್ಕೆ ಇಳಿದು ಕೆಂಪು ಕಣಗಳನ್ನು ಒಡೆಯುತ್ತವೆ. ಚುರುಕಾಗಿ ಹುಟ್ಟಿದ ಮರಿ ಒಂದೆರಡು ದಿನದಲ್ಲೇ ಸುಸ್ತಾಗುತ್ತದೆ, ಅದರ ಕಣ್ಣು ಒಸಡು ಹಳದಿಗೆ ತಿರುಗುತ್ತವೆ. ಮೊದಲೊಮ್ಮೆ ಇಂಥ ಮರಿ ಹಾಕಿದ ತಾಯಿಯ ಮುಂದಿನ ಮರಿಗಳಿಗೆ ಮೊದಲ ದಿನ ಬಾಯಿಕುಕ್ಕೆ ಹಾಕಿ, ಬೇರೆ ಕುದುರೆಯ ಗಿಣ್ಣು ಕುಡಿಸಿ, ಆಮೇಲೆ ತಾಯಿಯ ಬಳಿ ಬಿಡುತ್ತಾರೆ.

ಮರಿ ಹಾಕುವ ದಿನವನ್ನೂ ಹಾಲೇ ಮುಂಚಿತವಾಗಿ ಹೇಳುತ್ತದೆ. ಎರಡರಿಂದ ನಾಲ್ಕು ವಾರ ಮೊದಲು ಕೆಚ್ಚಲು ಇಳಿಯತೊಡಗುತ್ತದೆ. ಕೊನೆಯ ಒಂದೆರಡು ದಿನಗಳಲ್ಲಿ ತೊಟ್ಟಿನ ತುದಿಗೆ ಒಸರಿದ ಗಿಣ್ಣು ಒಣಗಿ, ಜೇನುಮೇಣದ ಹನಿಯಂತೆ ಅಂಟಿಕೊಂಡಿರುತ್ತದೆ. ಆ ಹೊತ್ತಿನಲ್ಲಿ ಹಾಲಿನ ಸೋಡಿಯಂ ಇಳಿದು ಪೊಟ್ಯಾಸಿಯಂ ಏರುತ್ತದೆ, ಕ್ಯಾಲ್ಸಿಯಂ ಥಟ್ಟನೆ ಮೇಲೇರುತ್ತದೆ. ಕೊಳವೆಬಾವಿ ನೀರಿನ ಗಡಸುತನ ನೋಡುವ ಪಟ್ಟಿಯನ್ನು ನೀರು ಬೆರೆಸಿ ತೆಳುಮಾಡಿದ ಹಾಲಿನಲ್ಲಿ ಅದ್ದಿ, ಬಣ್ಣ ನೋಡಿ, ಈ ರಾತ್ರಿ ಎಚ್ಚರವಿರಬೇಕೋ ಬೇಡವೋ ಎಂದು ತೀರ್ಮಾನಿಸುವ ಪದ್ಧತಿ ಫಾರಂಗಳಲ್ಲಿದೆ. ಮರಿ ಹಾಕುವ ಮೊದಲೇ ಹಾಲು ಧಾರೆಯಾಗಿ ಸೋರತೊಡಗಿದರೆ ಮಾತ್ರ ಗಾಬರಿಯಾಗಬೇಕು. ಸೋರಿ ಹೋಗುವುದು ಆ ಮರಿಯ ಗಿಣ್ಣು.

ಇಷ್ಟೆಲ್ಲ ಹಾಲು ಎಲ್ಲಿಂದ ಬರಬೇಕು? ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2007ರಲ್ಲಿ ಪ್ರಕಟಿಸಿದ ಕುದುರೆಗಳ ಪೋಷಕಾಂಶ ಕೋಷ್ಟಕಗಳು ಈ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಕೊಡುತ್ತವೆ. 500 ಕಿಲೋ ಕುದುರೆ ಸುಮ್ಮನೆ ನಿಂತಿದ್ದರೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 16.7 ಮೆಗಾಕ್ಯಾಲೊರಿ, ಹಾಲೂಡುವ ಮೊದಲ ತಿಂಗಳಲ್ಲಿ 31.7. ಪ್ರೋಟೀನ್ 630 ಗ್ರಾಂನಿಂದ ಒಂದೂವರೆ ಕಿಲೋಗೆ ಏರುತ್ತದೆ. ಕ್ಯಾಲ್ಸಿಯಂ 20 ಗ್ರಾಂನಿಂದ 59 ಗ್ರಾಂಗೆ ಜಿಗಿಯುತ್ತದೆ. ಈ ಜಿಗಿತದ ಕಾರಣ ಸರಳ. ಈ ಕೋಷ್ಟಕಗಳು ಮೊದಲ ತಿಂಗಳಿಗೆ ಹಿಡಿದಿರುವ ಹದಿನಾರು ಕಿಲೋ ಹಾಲಿನೊಂದಿಗೆ ದಿನಕ್ಕೆ ಸುಮಾರು 20 ಗ್ರಾಂ ಕ್ಯಾಲ್ಸಿಯಂ ಹೊರಹೋಗುತ್ತದೆ, ತಿಂದದ್ದರಲ್ಲಿ ಮೈಗೆ ಹತ್ತುವುದು ಅರ್ಧ. ಅಂದರೆ ಹಾಲಿಗೆಂದೇ 40 ಗ್ರಾಂ ಹೆಚ್ಚು ತಿನ್ನಿಸಬೇಕು. ತಿನ್ನಿಸದಿದ್ದರೂ ತಾಯಿ ಹಾಲು ನಿಲ್ಲಿಸುವುದಿಲ್ಲ. ತನ್ನ ಮೂಳೆ ಕರಗಿಸಿ, ಪಕ್ಕೆಲುಬು ಎದ್ದು ಕಾಣುವವರೆಗೂ ಮೈ ಇಳಿಸಿ, ಮರಿಗೆ ಕೊಡುತ್ತ ಹೋಗುತ್ತದೆ. ಮರಿ ಗುಂಡಗಿದೆ ಎಂದು ಸಮಾಧಾನಪಡುವ ಮಾಲೀಕರು ಪಕ್ಕದಲ್ಲಿ ನಿಂತ ತಾಯಿಯ ಬೆನ್ನು ಸವರಿ ನೋಡುವುದು ಅಗತ್ಯ.

ನಮ್ಮ ಕಡೆ ಒಂದು ಮಾತನ್ನು ಒತ್ತಿ ಹೇಳಬೇಕು. ಕೊಟ್ಟಿಗೆಯಲ್ಲಿ ಹಸುವಿಗೆ ಹಾಕುವ ಗೋಧಿ ಬೂಸಾವನ್ನೇ ಈದ ಕುದುರೆಗೂ ಬಕೆಟ್‌ಗಟ್ಟಲೆ ಹಾಕುವವರಿದ್ದಾರೆ. ಬೂಸಾದಲ್ಲಿ ರಂಜಕ ಅತಿ ಹೆಚ್ಚು, ಕ್ಯಾಲ್ಸಿಯಂ ತೀರ ಕಡಿಮೆ. ಹೆಚ್ಚಾದ ರಂಜಕ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡ ಬರುತ್ತದೆ. ಕೊರತೆ ತುಂಬಲು ದೇಹ ಮೂಳೆಯನ್ನು ಕರಗಿಸತೊಡಗಿ, ಮುಖದ ಮೂಳೆಗಳು ಮೆತ್ತಗಾಗಿ ಉಬ್ಬುತ್ತವೆ. ಹಿಂದೆ ಹಿಟ್ಟಿನ ಗಿರಣಿಗಳವರು ಸಾಕಿದ ಕುದುರೆಗಳಲ್ಲಿ ಈ ರೋಗ ಎದ್ದು ಕಾಣುತ್ತಿತ್ತು. ಇದಕ್ಕೆ ಮದ್ದು ನಮ್ಮ ಹೊಲದಲ್ಲೇ ಬೆಳೆಯುತ್ತದೆ: ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್. ಪ್ರೋಟೀನೂ ಕ್ಯಾಲ್ಸಿಯಮ್ಮೂ ಕೂಡಿಯೇ ಇರುವ ಮೇವು ಅದು. ಮೈಸೂರು ಸೀಮೆಯ ಕುದುರೆಗಳು ತಲೆಮಾರುಗಳಿಂದ ತಿಂದ ಬೇಯಿಸಿದ ಹುರುಳಿಯೂ ಹಗುರವಾಗಿ ಕಾಣುವಂಥದ್ದಲ್ಲ. ಅದರಲ್ಲಿ ಶೇಕಡಾ 22ರಷ್ಟು ಪ್ರೋಟೀನ್ ಇದ್ದು, ಮರಿಯ ಬೆಳವಣಿಗೆಗೆ ಮೊದಲು ಕೊರತೆಯಾಗುವ ಲೈಸೀನ್ ಎಂಬ ಅಮೈನೋ ಆಮ್ಲ ಧಾನ್ಯಗಳಿಗಿಂತ ಹೆಚ್ಚಾಗಿದೆ. ಕಾಳುಕಡ್ಡಿಯನ್ನು ಒಂದೇ ಸಲಕ್ಕೆ ಸುರಿದರೆ ಹೊಟ್ಟೆಶೂಲೆಯ ಅಪಾಯವಿದೆ. ದೊಡ್ಡ ಕುದುರೆಗೂ ಒಂದು ಹೊತ್ತಿಗೆ ಎರಡೂವರೆ ಕಿಲೋ ಮೀರಬಾರದು, ಹುಲ್ಲು ಸದಾ ಮುಂದಿರಬೇಕು. ನೀರಂತೂ ಅಳತೆಯಿಟ್ಟು ಕೊಡುವ ವಸ್ತುವಲ್ಲ. ಹಾಲಿನಲ್ಲೇ ದಿನಕ್ಕೆ ಹದಿಮೂರು ಹದಿನಾಲ್ಕು ಲೀಟರ್ ನೀರು ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ಬೆವರೂ ಸೇರುವಾಗ ನೀರಿನ ತೊಟ್ಟಿ ಒಣಗಿದ್ದರೆ ಸಂಜೆಯ ಕೆಚ್ಚಲಿನಲ್ಲಿ ಗೊತ್ತಾಗುತ್ತದೆ.

ತಾಯಿಗೆ ತಿನ್ನಿಸಿದ್ದೆಲ್ಲ ಹಾಲಿಗೆ ಬರುತ್ತದೆಯೇ? ಬರುವುದಿಲ್ಲ. ಕುದುರೆ ಸಾಕುವವರು ಎಡವುವುದು ಇಲ್ಲೇ ಹೆಚ್ಚು. ತಾಯಿ ತಿನ್ನುವ ಕೊಬ್ಬಿನ ಬಗೆ ಹಾಲಿನ ಕೊಬ್ಬಿನಲ್ಲಿ ಕಾಣುತ್ತದೆ. ಅಯೋಡಿನ್ ಸಲೀಸಾಗಿ ಹಾಲಿಗೆ ಇಳಿಯುತ್ತದೆ, ಎಷ್ಟು ಸಲೀಸೆಂದರೆ ಕಡಲಕಳೆಯ ಪುಡಿಯನ್ನು ಅತಿಯಾಗಿ ತಿನ್ನಿಸಿದ ತಾಯಂದಿರ ಮರಿಗಳಲ್ಲಿ ಗಳಗಂಡ ಕಾಣಿಸಿಕೊಂಡದ್ದಿದೆ. ಆದರೆ ತಾಮ್ರದ ಕಥೆ ತಿರುವುಮುರುವು. ಹಾಲೂಡುವ ತಾಯಿಗೆ ಎಷ್ಟೇ ತಾಮ್ರ ಕೊಟ್ಟರೂ ಹಾಲಿನಲ್ಲಿ ಅದು ಏರುವುದಿಲ್ಲ. ಕುದುರೆಯ ಹಾಲಿನಲ್ಲಿ ತಾಮ್ರ, ಕಬ್ಬಿಣ ಎರಡೂ ಸ್ವಭಾವತಃ ಕಡಿಮೆ. ಎಳೆಯ ಮೂಳೆ, ಮೆಲುಮೂಳೆ ಗಟ್ಟಿಯಾಗಲು ತಾಮ್ರ ಬೇಕೇ ಬೇಕು. ಅದನ್ನು ಮರಿ ಗರ್ಭದ ಕೊನೆಯ ತಿಂಗಳುಗಳಲ್ಲಿ ತನ್ನ ಯಕೃತ್ತಿನಲ್ಲಿ ಕೂಡಿಟ್ಟುಕೊಂಡು ಹುಟ್ಟುತ್ತದೆ, ಹುಟ್ಟಿದ ಮೇಲೆ ಆ ಗಂಟಿನಿಂದ ಖರ್ಚು ಮಾಡುತ್ತದೆ. 1990ರ ದಶಕದಲ್ಲಿ ನ್ಯೂಜಿಲೆಂಡಿನಲ್ಲಿ ಥರೋಬ್ರೆಡ್ ಕುದುರೆಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿದವು. ಮರಿ ಹುಟ್ಟಿದ ಮೇಲೆ ಖನಿಜ ಮಿಶ್ರಣದ ಚೀಲ ತಂದರೆ ಈ ಒಂದು ವಿಷಯದಲ್ಲಿ ತಡವಾಗಿರುತ್ತದೆ.

ಹಾಲೇ ಬಾರದ ಸಂದರ್ಭವೂ ಇದೆ. ಅಮೆರಿಕದ ಕೆಂಟಕಿ ಮುಂತಾದ ಕಡೆ ಹಬ್ಬಿರುವ ಟಾಲ್ ಫೆಸ್ಕ್ಯೂ ಹುಲ್ಲಿನೊಳಗೆ ಕಣ್ಣಿಗೆ ಕಾಣದ ಒಂದು ಶಿಲೀಂಧ್ರ ವಾಸಿಸುತ್ತದೆ. ಅದು ತಯಾರಿಸುವ ರಾಸಾಯನಿಕ, ಹಾಲು ಹುಟ್ಟಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನನ್ನು ಅಡಗಿಸಿಬಿಡುತ್ತದೆ. ಆ ಹುಲ್ಲು ಮೇದ ಗಬ್ಬದ ಕುದುರೆಯ ದಿನ ಮೀರುತ್ತದೆ, ಮರಿ ದೊಡ್ಡದಾಗಿ ಹೆರಿಗೆ ಕಷ್ಟವಾಗುತ್ತದೆ, ಕೆಚ್ಚಲು ಬರಿದಾಗಿಯೇ ಉಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಆ ಹುಲ್ಲುಗಾವಲಿನಿಂದ ತಾಯಿಯನ್ನು ಹೊರತರುವುದು, ಆಗದಿದ್ದರೆ ಡೊಂಪೆರಿಡೋನ್ ಎಂಬ ಔಷಧ ಕೊಡುವುದು ಅಲ್ಲಿನವರು ಕಂಡುಕೊಂಡ ಪರಿಹಾರ.

ಇನ್ನು ಮನುಷ್ಯರ ಮಾತು. ರಷ್ಯಾದ ಸಮಾರಾ ಬಳಿ 1858ರಲ್ಲಿ ನೆಸ್ಟರ್ ಪೋಸ್ಟ್‌ನಿಕೋವ್ ಎಂಬ ವೈದ್ಯ ಕುದುರೆಯ ಹುದುಗು ಹಾಲಿನಿಂದ ಕ್ಷಯಕ್ಕೆ ಚಿಕಿತ್ಸೆ ಕೊಡುವ ಆರೋಗ್ಯಧಾಮ ತೆರೆದ. ಸಾಹಿತಿ ಟಾಲ್‌ಸ್ಟಾಯ್ ಸಮಾರಾದ ಹುಲ್ಲುಗಾವಲಿಗೆ ಆ ಹುದುಗು ಹಾಲಿಗಾಗಿಯೇ ಹೋಗಿದ್ದ. ಕ್ಷಯವಿದ್ದ ಸಾಹಿತಿ ಚೆಕಾವ್ 1901ರಲ್ಲಿ ಮದುವೆಯಾದ ಬೆನ್ನಿಗೇ ಉಫಾ ಪ್ರಾಂತ್ಯದ ಅಕ್ಸ್ಯೋನೊವೊಗೆ ಹೋಗಿ ಅದನ್ನು ಕುಡಿದ. ಮೈತೂಕ ಏರಿತು, ಕ್ಷಯ ಮಾತ್ರ ಬಿಡಲಿಲ್ಲ. ಮೂರು ವರ್ಷಕ್ಕೆ ತೀರಿಕೊಂಡ. ಹಾಲಿಗೆ ಔಷಧದ ಹೊರೆ ಹೊರಿಸಿದ ಕಾಲ ಅದು. ಈಚೆಗೆ ಗಟ್ಟಿಯಾದ ಕೆಲಸವೂ ನಡೆದಿದೆ. ಹಸುವಿನ ಹಾಲಿನ ತೀವ್ರ ಅಲರ್ಜಿ ಇದ್ದ 25 ಮಕ್ಕಳ ಮೇಲೆ ಇಟಲಿಯ ವೈದ್ಯರು ನಡೆಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಮಗುವನ್ನು ಬಿಟ್ಟು ಉಳಿದವು ಕುದುರೆಯ ಹಾಲನ್ನು ತಡೆದುಕೊಂಡವು. ಇದನ್ನು ಕೇಳಿದ ಕೂಡಲೇ ನಮ್ಮ ಬೀದಿಗಳಲ್ಲಿ ತಾಯಿಕತ್ತೆ ಹೊಡೆದುಕೊಂಡು ಬಂದು ಎಳೆಗೂಸಿಗೆ ಒಂದು ಒಳಲೆ ಹಾಲು ಕರೆದುಕೊಡುವವರು ನೆನಪಾಗಬಹುದು. ಕತ್ತೆಯ ಹಾಲೂ ಕುದುರೆಯ ಹಾಲಿನ ಜಾತಿಯದೇ: ತೆಳು, ಸಿಹಿ, ಕಡಿಮೆ ಕೇಸಿನ್. ಆದರೆ ಬೀದಿಯಲ್ಲಿ ಕಾಯಿಸದೆ ಕುಡಿಸಿದ ಹಾಲಿನಿಂದ ಸೋಂಕು ತಗಲುವ ಭಯವಿದೆ. ಕೊಬ್ಬು ಇಷ್ಟು ಕಡಿಮೆಯಿರುವ ಹಾಲು ಬೆಳೆಯುವ ಕೂಸಿಗೆ ಒಂದೇ ಆಹಾರವಾಗಿ ಸಾಲುವುದೂ ಇಲ್ಲ. ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು ಎಂಬ ವೈದ್ಯರ ಮಾತಿಗೆ ಎರಡು ಅರ್ಥವಿಲ್ಲ.

ಮರಿಯ ಆರೋಗ್ಯ ತಿಳಿಯಲು ಲಾಯದ ಅನುಭವಿಗಳು ಮರಿಗಿಂತ ಮೊದಲು ನೋಡುವುದು ತಾಯಿಯ ಕೆಚ್ಚಲನ್ನು. ಬೆಳಿಗ್ಗೆ ಕೆಚ್ಚಲು ಬಿಗಿದು, ತೊಟ್ಟಿನಿಂದ ಹಾಲು ತೊಟ್ಟಿಕ್ಕಿ ಹಿಂಗಾಲಿನ ಒಳಬದಿಯಲ್ಲಿ ಬಿಳಿ ಗೆರೆ ಮೂಡಿದ್ದರೆ, ರಾತ್ರಿ ಮರಿ ಕುಡಿದಿಲ್ಲ. ಮರಿಯ ಹಣೆ, ಮೂಗಿನ ಮೇಲೆ ಹಾಲು ಒಣಗಿ ಅಂಟಿದ್ದರೂ ಅದೇ ಸೂಚನೆ. ಮೊಲೆಯ ಕೆಳಗೆ ಸುಮ್ಮನೆ ನಿಂತಿತ್ತು, ಬಾಯಿ ಹಾಕಲಿಲ್ಲ. ಜ್ವರ ಕಾಣಿಸುವ ಮೊದಲೇ ಈ ಗುರುತು ಕಾಣಿಸುತ್ತದೆ. ಒಂದು ವಾರದ ಮೇಲೆ ತಾಯಿ ಮತ್ತೆ ಬೆದೆಗೆ ಬಂದಾಗ ಮರಿಗೆ ಭೇದಿಯಾಗುವುದುಂಟು. ಬೆದೆಯಿಂದ ಹಾಲು ಕೆಟ್ಟಿತೆಂದು ಹಿಂದಿನವರು ನಂಬಿದ್ದರು. ತಾಯಿಯಿಲ್ಲದೆ ಬೆಳೆದ ಮರಿಗಳಿಗೂ ಅದೇ ವಯಸ್ಸಿನಲ್ಲಿ ಭೇದಿಯಾಗುವುದರಿಂದ ಹಾಲಿನ ಮೇಲಿನ ಆ ಅಪವಾದ ನಿಲ್ಲುವುದಿಲ್ಲ. ಮರಿಯ ಕರುಳಿನಲ್ಲಿ ಹೊಸ ಸೂಕ್ಷ್ಮಜೀವಿಗಳು ನೆಲೆಯಾಗುವ ಕಾಲ ಅದು.

ತಾಯಿ ಸತ್ತ ಮರಿಗೆ ಹಸುವಿನ ಹಾಲನ್ನು ಹಾಗೆಯೇ ಕುಡಿಸಿದರೆ ಕೊಬ್ಬು ಹೆಚ್ಚು, ಸಕ್ಕರೆ ಕಡಿಮೆ. ಹಾಲೂಡುವ ಬೇರೆ ಕುದುರೆ ಸಿಕ್ಕಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದಾಗ ಶೇಕಡಾ ಒಂದೂವರೆ, ಎರಡು ಕೊಬ್ಬಿರುವ ಹಾಲಿಗೆ ಲೀಟರಿಗೆ 20 ಗ್ರಾಂನಷ್ಟು ಡೆಕ್ಸ್‌ಟ್ರೋಸ್ ಬೆರೆಸುತ್ತಾರೆ. ನಮ್ಮಲ್ಲಿ ಅಂಗಡಿಯ ಡಬಲ್ ಟೋನ್ಡ್ ಹಾಲು ಈ ಅಳತೆಗೆ ಹತ್ತಿರ. ಅಡುಗೆಮನೆಯ ಸಕ್ಕರೆ, ಬೆಲ್ಲ ಬೆರೆಸಬಾರದು. ಎಳೆಯ ಮರಿಯ ಕರುಳಿಗೆ ಆ ಸಕ್ಕರೆಯನ್ನು ಒಡೆಯುವ ಕಿಣ್ವ ಇನ್ನೂ ಬಂದಿರುವುದಿಲ್ಲ, ಭೇದಿ ಖಂಡಿತ. ಮೊದಲ ವಾರ ಹಗಲು ರಾತ್ರಿ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸಬೇಕು. ಪಶುವೈದ್ಯರ ಮಾರ್ಗದರ್ಶನವಿಲ್ಲದೆ ಇದಕ್ಕೆ ಕೈ ಹಾಕುವುದು ಒಳ್ಳೆಯದಲ್ಲ.

ಎರಡು ತಿಂಗಳಾಗುವಷ್ಟರಲ್ಲಿ ಹಾಲೊಂದೇ ಮರಿಗೆ ಸಾಲದಾಗುತ್ತದೆ. ಮೊದಲ ವಾರಗಳಿಂದಲೇ ತಾಯಿಯ ಮೇವಿನ ತೊಟ್ಟಿಗೆ ಮೂತಿ ಹಾಕಿ ಅಭ್ಯಾಸ ಮಾಡಿಕೊಂಡ ಮರಿಗೆ ಈಗ ತನ್ನದೇ ಪಾಲು ಬೇಕು. ಐದಾರು ತಿಂಗಳಿಗೆ ಹಾಲು ಬಿಡಿಸುತ್ತಾರೆ. ಆಗ ತಾಯಿಯ ಕೆಚ್ಚಲು ಬಿಗಿದು ನೋಯುತ್ತದೆ, ನೋಡಿದವರಿಗೆ ಕರೆದುಬಿಡೋಣ ಅನ್ನಿಸುತ್ತದೆ. ಕರೆಯಬಾರದು. ಕೆಚ್ಚಲೊಳಗಿನ ಒತ್ತಡವೇ ಹಾಲು ಹುಟ್ಟುವುದನ್ನು ನಿಲ್ಲಿಸುತ್ತದೆ. ಕರೆದಷ್ಟೂ ಮತ್ತೆ ತುಂಬುತ್ತದೆ. ಕಾಳನ್ನು ಕೆಲವು ದಿನ ಮೊದಲೇ ಕಡಿಮೆ ಮಾಡಿ, ಹುಲ್ಲು ಮತ್ತು ನಡಿಗೆಯ ಮೇಲೆ ಬಿಟ್ಟರೆ ಒಂದೆರಡು ವಾರದಲ್ಲಿ ಇಂಗುತ್ತದೆ. ಕೆಚ್ಚಲು ಬಿಸಿಯಾಗಿ, ಒಂದು ಬದಿ ಮಾತ್ರ ಊದಿ, ಜ್ವರ ಬಂದರೆ ಅದು ಕೆಚ್ಚಲು ಬಾವು, ಆಗ ವೈದ್ಯರು ಬರಬೇಕು. ಮರಿ ಹಾಕಿದ ಮೊದಲ ತಿಂಗಳಲ್ಲೇ ಮತ್ತೆ ಗಬ್ಬ ನಿಂತಿದ್ದ ತಾಯಿಗೆ ಈ ಹೊತ್ತಿಗೆ ನಾಲ್ಕೈದು ತಿಂಗಳು. ಕಾಳು ಕಡಿಮೆ ಮಾಡಿದ್ದು ಕೆಚ್ಚಲು ಇಂಗುವ ತನಕ ಮಾತ್ರ. ಆಮೇಲೆ ಮೈ ತುಂಬಿಸಬೇಕು, ಏಳು ಎಂಟನೆಯ ತಿಂಗಳಿಂದ ತಾಮ್ರ ಸೇರಿದ ಖನಿಜ ಮಿಶ್ರಣವನ್ನು ತಪ್ಪದೆ ಕೊಡಬೇಕು. ಮುಂದಿನ ಮರಿಯ ಯಕೃತ್ತು ತುಂಬಿಕೊಳ್ಳುವುದು ಆಗಲೇ.